ಕವಾಟ ಬದಲಾಯಿತು, ಬಡಿತ ಯಾಕೆ ತಪ್ಪಿತು?

ಬೆಂಗಳೂರು, ಮೈಸೂರು ಕಡೆಯ ಹಳೆಯ ರೈಲ್ವೆ ಕುಟುಂಬಗಳಲ್ಲಿ ‘ಪೆರಂಬೂರಿಗೆ ಬರೆದುಕೊಟ್ಟಿದ್ದಾರೆ’ ಅಂದರೆ ಸಾಕಿತ್ತು, ಕಾಯಿಲೆ ದೊಡ್ಡದು ಅಂತ ಕೇಳಿದವರಿಗೆ ಗೊತ್ತಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ನೈರುತ್ಯ ರೈಲ್ವೆ ಶುರುವಾದದ್ದು 2003ರಲ್ಲಿ. ಅಲ್ಲಿಯವರೆಗೆ ಬೆಂಗಳೂರು, ಮೈಸೂರು ವಿಭಾಗಗಳೆರಡೂ ದಕ್ಷಿಣ ರೈಲ್ವೆಗೇ ಸೇರಿದ್ದವು. ದಕ್ಷಿಣ ರೈಲ್ವೆಯ ದೊಡ್ಡಾಸ್ಪತ್ರೆ ಇರುವುದು ಚೆನ್ನೈನ ಪೆರಂಬೂರಿನಲ್ಲಿ. ನಮ್ಮ ದೇಶದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ ಅಲ್ಲಿ ನಡೆದದ್ದು 1975ರಲ್ಲಿ. ಅದನ್ನು ಮಾಡಿದ ಡಾ. ಕೆ. ಎಂ. ಚೆರಿಯನ್ ಕೇರಳದವರು, ಎಂಬಿಬಿಎಸ್ ಓದಿದ್ದು ನಮ್ಮ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ, 2025ರ ಜನವರಿಯಲ್ಲಿ ತೀರಿಕೊಂಡದ್ದು ಬೆಂಗಳೂರಿನಲ್ಲಿ. ಈಗ ರೈಲ್ವೆ ಪಾಸು ಇಲ್ಲದವರೂ ಹೃದಯಕ್ಕಾಗಿ ಚೆನ್ನೈಗೆ ಹೋಗುತ್ತಾರೆ. ಕೋಲಾರ, ಕೆಜಿಎಫ್, ಹೊಸೂರು ಕಡೆಯವರು ಗ್ರೀಮ್ಸ್ ರಸ್ತೆಗೋ, ಮೊಗಪ್ಪೇರಿಗೋ, ಸೆಂಟ್ರಲ್ ಸ್ಟೇಷನ್ನಿನ ಎದುರಿನ ಸರ್ಕಾರಿ ಜನರಲ್ ಆಸ್ಪತ್ರೆಗೋ ಹೋಗಿಬರುತ್ತಾರೆ.

ಕವಾಟ ಬದಲಿಸುವ ಆಪರೇಷನ್ನಿಗೆ ಬಂದ ಮನೆಯವರು ಮನಸ್ಸು ಗಟ್ಟಿ ಮಾಡಿಕೊಂಡಿರುವುದು ಆಪರೇಷನ್ನಿನ ದಿನಕ್ಕೆ. ಅದು ಮುಗಿದು, ಡಾಕ್ಟರು ‘ಚೆನ್ನಾಗಿ ಆಯಿತು’ ಅಂದಮೇಲೆ ಊರಿಗೆಲ್ಲ ಫೋನು ಹೋಗಿರುತ್ತದೆ. ಎರಡೋ ಮೂರೋ ದಿನ ಕಳೆದ ಮೇಲೆ ಐಸಿಯುವಿನಿಂದ ಬೇರೊಂದು ಮಾತು ಬರುತ್ತದೆ: ‘ರಿದಮ್ ಸ್ವಲ್ಪ ಸರಿಯಿಲ್ಲ.’ ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಕಾಲು ಭಾಗ ಅರ್ಥವಾಗಿ, ಉಳಿದ ಮುಕ್ಕಾಲು ಭಾಗವನ್ನು ಭಯವೇ ತುಂಬುತ್ತದೆ. ಆಪರೇಷನ್ ಕೆಟ್ಟಿತೇ? ಕವಾಟ ಸರಿಯಾಗಿ ಕೂರಲಿಲ್ಲವೇ? ಸಾಮಾನ್ಯವಾಗಿ ಎರಡೂ ಅಲ್ಲ. ಹಾಗಾದರೆ ಏನು ಎಂಬುದನ್ನು, ವೈದ್ಯಶಾಸ್ತ್ರದ ಗಂಧ ಇಲ್ಲದವರಿಗೂ ತಿಳಿಯುವಂತೆ, ನಿಧಾನವಾಗಿ ನೋಡೋಣ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಸಂಕೇತ ಬೇಕು. ಅದು ಹುಟ್ಟುವುದು ಬಲಗಡೆಯ ಮೇಲಿನ ಕೋಣೆಯಲ್ಲಿ, ಸೈನಸ್ ನೋಡ್ ಎಂಬ ಜಾಗದಲ್ಲಿ. ಅಲ್ಲಿಂದ ಮೇಲಿನ ಎರಡೂ ಕೋಣೆಗಳಿಗೆ ಹರಡಿ, ನಡುವೆ ಇರುವ ಎವಿ ನೋಡ್ ಎಂಬ ಗಂಟಿಗೆ ಬಂದು, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಆಮೇಲೆ ಹಿಸ್ ಬಂಡಲ್ ಎಂಬ ತೆಳು ಎಳೆಯ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ಗಂಟನ್ನು 1906ರಲ್ಲಿ ಮೊದಲು ವಿವರವಾಗಿ ತೋರಿಸಿಕೊಟ್ಟವರು ಜಪಾನಿನ ಸುನಾವೊ ತವಾರಾ. ಆಗ ಅವರು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದರು. ಇಲ್ಲಿ ಗಮನಿಸಬೇಕಾದ್ದು ಒಂದೇ: ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಸಂಕೇತ ಇಳಿಯಲು ಆರೋಗ್ಯವಂತ ಹೃದಯದಲ್ಲಿ ಇರುವುದು ಅದೊಂದೇ ದಾರಿ. ಆ ದಾರಿ ಹಾದುಹೋಗುವುದು ಕವಾಟಗಳು ಕೂತಿರುವ ನಾರಿನ ಚೌಕಟ್ಟಿನ ಮೂಲಕವೇ.

ಹಳೇ ಮನೆಯ ಬಾಗಿಲ ಚೌಕಟ್ಟು ಕಿತ್ತು ಹೊಸದು ಕೂರಿಸುವ ಬಡಗಿಯನ್ನು ನೆನೆಯಿರಿ. ಪಕ್ಕದ ಗೋಡೆಯೊಳಗೆ ವೈರು ಹೋಗಿದೆ. ಎಲ್ಲಿ ಹೋಗಿದೆ ಅಂತ ಅವನಿಗೆ ಅಂದಾಜಿದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಮೊಳೆ ಒಂದಿಷ್ಟು ಆಚೀಚೆಯಾದರೆ ಬಾಗಿಲು ಗಟ್ಟಿಯಾಗಿ ನಿಂತಿರುತ್ತದೆ, ದೀಪ ಮಾತ್ರ ಹತ್ತುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸಕರ ಪಾಡೂ ಇದೇ. ಮಹಾಪಧಮನಿಯ ಬುಡದಲ್ಲಿರುವ ಅಯೋರ್ಟಿಕ್ ಕವಾಟದ ಎರಡು ಎಸಳುಗಳ ನಡುವಿನ ಮೂಲೆಯ ಕೆಳಗೇ ಹಿಸ್ ಬಂಡಲ್ ಹಾದುಹೋಗುತ್ತದೆ. ವಯಸ್ಸಾದವರಲ್ಲಿ ಆ ಕವಾಟಕ್ಕೆ ಸುಣ್ಣ ಕಟ್ಟಿ ಕಲ್ಲಾಗಿರುತ್ತದೆ. ಅದನ್ನು ಕೆತ್ತಿ ತೆಗೆಯಬೇಕು, ಉಂಗುರದ ಸುತ್ತ ಹತ್ತು ಹದಿನೈದು ಹೊಲಿಗೆ ಹಾಕಬೇಕು. ಅಷ್ಟರಲ್ಲಿ ವೈರಿಗೆ ನೇರ ಪೆಟ್ಟು ಬೀಳದಿದ್ದರೂ ಸುತ್ತಲಿನ ಊತ ಅದನ್ನು ಒತ್ತಬಹುದು. ಎಡಗಡೆಯ ಮೈಟ್ರಲ್ ಕವಾಟಕ್ಕಿಂತ ಬಲಗಡೆಯ ಟ್ರೈಕಸ್ಪಿಡ್ ಕವಾಟದ ಕೆಲಸದಲ್ಲಿ ಈ ಅಪಾಯ ಹೆಚ್ಚು, ಯಾಕೆಂದರೆ ಎವಿ ನೋಡ್ ಅದರ ಅಂಚಿಗೇ ಅಂಟಿಕೊಂಡಂತಿದೆ.

ಕವಾಟದ ಆಪರೇಷನ್ ನಂತರದ ಲಯದ ತೊಂದರೆಗಳಲ್ಲಿ ಮುಖ್ಯವಾದವು ಎರಡು. ಒಂದರಲ್ಲಿ ಬಡಿತ ತೀರಾ ನಿಧಾನವಾಗುತ್ತದೆ, ಇನ್ನೊಂದರಲ್ಲಿ ವೇಗವಾಗಿ, ಅಡ್ಡಾದಿಡ್ಡಿಯಾಗಿ ಓಡುತ್ತದೆ. ನಿಧಾನವಾಗುವುದಕ್ಕೆ ಡಾಕ್ಟರುಗಳು ‘ಹಾರ್ಟ್ ಬ್ಲಾಕ್’ ಎನ್ನುತ್ತಾರೆ. ಇದನ್ನು ಕೇಳಿದ ಕೂಡಲೇ ಮನೆಯವರು ‘ಹಾಗಾದರೆ ಸ್ಟೆಂಟ್ ಹಾಕಬೇಕಾ?’ ಅಂತ ಕೇಳುತ್ತಾರೆ. ಇದು ರಕ್ತನಾಳದ ಬ್ಲಾಕ್ ಅಲ್ಲ, ಕರೆಂಟಿನ ದಾರಿಯ ಬ್ಲಾಕ್. ಸ್ಟೆಂಟಿಗೂ ಇದಕ್ಕೂ ಸಂಬಂಧವಿಲ್ಲ.

ಈ ಅಪಾಯ ಗೊತ್ತಿರುವುದರಿಂದಲೇ ಎದೆ ಮುಚ್ಚುವ ಮುನ್ನ ಶಸ್ತ್ರಚಿಕಿತ್ಸಕರು ಹೃದಯದ ಹೊರಮೈಗೆ ಕೂದಲಿಗಿಂತ ಸ್ವಲ್ಪ ದಪ್ಪಗಿನ ತಂತಿಗಳನ್ನು ಸಿಕ್ಕಿಸಿ, ಎದೆಮೂಳೆಯ ಕೆಳಗೆ ಚರ್ಮದಿಂದ ಹೊರಕ್ಕೆ ತಂದಿರುತ್ತಾರೆ. ಐಸಿಯುವಿನಲ್ಲಿ ರೋಗಿಯನ್ನು ನೋಡಲು ಬಿಟ್ಟಾಗ ಅಂಗಿಯ ಗುಂಡಿಗಳ ನಡುವೆ ಅವು ಕಾಣಿಸುತ್ತವೆ. ಸಾಮಾನ್ಯ ಪದ್ಧತಿಯಲ್ಲಿ ಮೂಳೆಯ ಬಲಕ್ಕೆ ಬಂದ ತಂತಿ ಮೇಲಿನ ಕೋಣೆಯದು, ಎಡಕ್ಕೆ ಬಂದದ್ದು ಕೆಳಗಿನ ಕೋಣೆಯದು. ಅವು ಹಾಸಿಗೆ ಪಕ್ಕದ ಕೈಯಗಲದ ಪೆಟ್ಟಿಗೆಯೊಂದಕ್ಕೆ ಸೇರಿರುತ್ತವೆ. ಅದೇ ತಾತ್ಕಾಲಿಕ ಪೇಸ್‌ಮೇಕರ್. ಬ್ಯಾಟರಿಯಲ್ಲಿ ನಡೆಯುತ್ತದೆ; ನಿಮಿಷಕ್ಕೆ ಎಷ್ಟು ಬಡಿತ, ಎಷ್ಟು ಜೋರಿನ ಸಂಕೇತ, ಹೃದಯದ ಸ್ವಂತ ಬಡಿತವನ್ನು ಎಷ್ಟು ಸೂಕ್ಷ್ಮವಾಗಿ ಗುರುತಿಸಬೇಕು ಎಂಬುದಕ್ಕೆ ಒಂದೊಂದು ಗುಂಡಿ. ದೀಪ ಮಿನುಗುತ್ತಿದೆ ಅಂತ ಗಾಬರಿಪಡಬೇಡಿ, ಆರಿದೆ ಅಂತಲೂ ಪಡಬೇಡಿ. ಅದನ್ನು ನೋಡಿಕೊಳ್ಳಲು ನರ್ಸ್ ಇದ್ದಾರೆ. ತಂತಿಗೆ ಕೈ ತಾಗಿಸದೆ ಇದ್ದರೆ ಸಾಕು.

ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಆ ಪೆಟ್ಟಿಗೆಯ ಮೊದಲ ಗುಂಡಿಯನ್ನು 80ರಿಂದ 70ಕ್ಕೆ, 60ಕ್ಕೆ, 50ಕ್ಕೆ ಮೆಲ್ಲಗೆ ಇಳಿಸುತ್ತಾ ಮಾನಿಟರ್ ಕಡೆ ಕಣ್ಣಿಟ್ಟು ನಿಲ್ಲುವುದುಂಟು. ಯಂತ್ರ ಹಿಂದೆ ಸರಿದಾಗ ಹೃದಯ ತಾನಾಗಿ ಎಷ್ಟು ಬಡಿಯುತ್ತದೆ ಅಂತ ನೋಡುವ ಪರೀಕ್ಷೆ ಅದು. ಊತದಿಂದ ಆದ ಬ್ಲಾಕ್ ಆಗಿದ್ದರೆ ದಿನದಿಂದ ದಿನಕ್ಕೆ ಸ್ವಂತ ಬಡಿತ ಮರಳುತ್ತದೆ. ಹಾಗಾಗಿಯೇ ಸುಮಾರು ಐದರಿಂದ ಏಳು ದಿನ ಕಾಯುತ್ತಾರೆ. ‘ಇನ್ನೂ ಎರಡು ದಿನ ನೋಡೋಣ’ ಎಂಬ ಮಾತು ಬಿಲ್ಲು ಬೆಳೆಸುವ ಉಪಾಯ ಎಂದು ಹೊರಗಿನ ಬೆಂಚಿನಲ್ಲಿ ಕೂತವರಿಗೆ ಅನಿಸಬಹುದು. ಈ ವಿಷಯದಲ್ಲಿ ಮಾತ್ರ ಕಾಯುವುದೇ ಸರಿಯಾದ ವೈದ್ಯ. ಬಡಿತ ಮರಳಿದರೆ ಜೀವಮಾನದ ಯಂತ್ರವೊಂದು ತಪ್ಪುತ್ತದೆ. ಎದೆ ತೆರೆದು ಅಯೋರ್ಟಿಕ್ ಕವಾಟ ಬದಲಿಸಿದವರಲ್ಲಿ ಕೊನೆಗೂ ಕಾಯಂ ಪೇಸ್‌ಮೇಕರ್ ಬೇಕಾಗುವುದು ಸುಮಾರು 100ಕ್ಕೆ 3ರಿಂದ 5 ಜನರಿಗೆ.

ಬೇಡವೆಂದಾದರೆ ತಂತಿಯನ್ನು ಮನೆಗೆ ಕಳಿಸುವ ಮೊದಲು ಎಳೆದು ತೆಗೆಯುತ್ತಾರೆ. ಕೆಲವು ಕ್ಷಣದ ಕೆಲಸ, ಎದೆಯೊಳಗೆ ಏನೋ ಜಾರಿದ ಹಾಗಾಗುತ್ತದೆ, ಅಷ್ಟೇ. ಆದರೆ ಆಮೇಲೆ ಕೆಲವು ಗಂಟೆ ಹಾಸಿಗೆ ಬಿಟ್ಟು ಏಳಬೇಡಿ ಅಂದರೆ ಏಳಬಾರದು. ತಂತಿ ಇದ್ದ ಜಾಗದಿಂದ ರಕ್ತ ಜಿನುಗಿ ಹೃದಯದ ಸುತ್ತಲಿನ ಚೀಲದಲ್ಲಿ ನಿಲ್ಲುವುದು ಅಪರೂಪ. ಆದರೆ ಆದಾಗ ಬೇಗ ಗೊತ್ತಾಗಬೇಕು.

ಈಗ ಎರಡನೆಯದು, ವೇಗದ್ದು. ಹೆಸರು ಏಟ್ರಿಯಲ್ ಫಿಬ್ರಿಲೇಷನ್, ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ‘ಏಎಫ್’. ಇದು ಬ್ಲಾಕಿಗಿಂತ ಎಷ್ಟೋ ಸಾಮಾನ್ಯ: ಕವಾಟದ ಆಪರೇಷನ್ ಆದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ, ಅದೂ ಬಹುಪಾಲು ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ. ಮೇಲಿನ ಕೋಣೆಗಳು ಒಟ್ಟಾಗಿ ಹಿಂಡುವುದನ್ನು ಬಿಟ್ಟು, ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಬರೀ ಅದುರುತ್ತವೆ. ಎವಿ ನೋಡ್ ಅಷ್ಟನ್ನೂ ಕೆಳಕ್ಕೆ ಬಿಡುವುದಿಲ್ಲ. ಬಿಟ್ಟಷ್ಟನ್ನು ಲೆಕ್ಕವಿಲ್ಲದಂತೆ ಬಿಡುತ್ತದೆ. ಅದರಿಂದ ನಾಡಿ 120, 140 ಎಂದು ಓಡುತ್ತದೆ, ಯಾವ ಎರಡು ಬಡಿತದ ನಡುವೆಯೂ ಒಂದೇ ಅಂತರ ಇರುವುದಿಲ್ಲ.

ಯಾಕೆ ಬರುತ್ತದೆ? ಕೋಣೆಯ ಗೋಡೆ ಕೊಯ್ದು ಹೊಲಿದಿದ್ದಾರೆ, ಸುತ್ತಲಿನ ಪೊರೆಗೆ ಉರಿಯೂತ ಬಂದಿದೆ, ಮೈಯಲ್ಲಿ ಅಡ್ರಿನಲಿನ್ ಏರಿದೆ, ಮೂತ್ರದ ಜೊತೆ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದುಹೋಗಿವೆ. ಇವೆಲ್ಲ ಯಾರಿಗಾದರೂ ಸರಿಯೇ. ಆದರೆ ನಮ್ಮ ಕಡೆಯ ರೋಗಿಗಳಿಗೆ ಇನ್ನೊಂದು ಕಾರಣವಿದೆ, ಅದು ವರ್ಷಗಳ ಹಿಂದಿನದು. ಚಿಕ್ಕಂದಿನಲ್ಲಿ ಗಂಟಲುನೋವು, ಆಮೇಲೆ ಕೀಲುನೋವಿನ ಜ್ವರ, ಅದು ವಾಸಿಯಾಯಿತು ಎಂದುಕೊಂಡು ಮರೆತದ್ದು. ಅದೇ ರುಮ್ಯಾಟಿಕ್ ಜ್ವರ, ಮೈಟ್ರಲ್ ಕವಾಟವನ್ನು ಸದ್ದಿಲ್ಲದೆ ಕೆಡಿಸಿರುತ್ತದೆ. ಕವಾಟ ಕಿರಿದಾಗುತ್ತಾ ಹೋದಂತೆ ಅದರ ಹಿಂದಿನ ಎಡ ಮೇಲ್ಕೋಣೆ ಒತ್ತಡಕ್ಕೆ ಹಿಗ್ಗಿ ಹಿಗ್ಗಿ ದೊಡ್ಡದಾಗುತ್ತದೆ, ಗೋಡೆಯಲ್ಲಿ ನಾರು ಬೆಳೆಯುತ್ತದೆ. ಅಂಥವರಲ್ಲಿ ಅನೇಕರಿಗೆ ಏಎಫ್ ಆಪರೇಷನ್ನಿಗೆ ಮೊದಲೇ ಇರುತ್ತದೆ. ಹೊಸ ಕವಾಟ ಹಾಕಿದ ಮಾತ್ರಕ್ಕೆ ಹಿಗ್ಗಿದ ಕೋಣೆ ಮೊದಲಿನಂತಾಗುವುದಿಲ್ಲ. ‘ಆಪರೇಷನ್ ಆದಮೇಲೂ ಏಎಫ್ ಹೋಗಲಿಲ್ಲವಲ್ಲ’ ಎಂಬ ದೂರಿಗೆ ಉತ್ತರ ಇಲ್ಲಿದೆ. ಕೆಲವರಲ್ಲಿ ಕವಾಟ ಬದಲಿಸುವಾಗಲೇ ಕೋಣೆಯ ಗೋಡೆಯ ಮೇಲೆ ಗೆರೆಗಳನ್ನು ಸುಟ್ಟು ಸಂಕೇತದ ಅಡ್ಡದಾರಿಗಳನ್ನು ಮುಚ್ಚುತ್ತಾರೆ. ಅಮೆರಿಕದ ಜೇಮ್ಸ್ ಕಾಕ್ಸ್ 1987ರಲ್ಲಿ ಮೊದಲ ಬಾರಿ ಮಾಡಿದ ‘ಮೇಜ್’ ಶಸ್ತ್ರಕ್ರಿಯೆಯ ಮುಂದುವರಿಕೆ ಇದು.

ಆಪರೇಷನ್ ನಂತರ ಹೊಸದಾಗಿ ಬಂದ ಏಎಫ್ ಮಾತ್ರ ಹೆಚ್ಚಿನವರಲ್ಲಿ ಕೆಲವು ದಿನ, ಇಲ್ಲವೇ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ತುಂಬುತ್ತಾರೆ, ವೇಗ ತಗ್ಗಿಸಲು ಮೆಟೊಪ್ರೊಲೋಲ್ ಕೊಡುತ್ತಾರೆ, ಲಯ ಮರಳಿಸಲು ಅಮಿಯೋಡರೋನ್. ಬಿಪಿ ಕುಸಿದರೆ ಸ್ವಲ್ಪ ಹೊತ್ತು ನಿದ್ದೆ ಬರಿಸಿ ಎದೆಗೆ ಕರೆಂಟ್ ಶಾಕ್ ಕೊಡುತ್ತಾರೆ. ಸಿನಿಮಾದಲ್ಲಿ ನೋಡಿದ ದೃಶ್ಯ ನೆನಪಾಗಿ ಮನೆಯವರು ಕುಸಿದು ಕೂರುತ್ತಾರೆ, ಆದರೆ ಇಲ್ಲಿ ಅದು ಸತ್ತವರನ್ನು ಬದುಕಿಸುವ ಶಾಕ್ ಅಲ್ಲ, ಲಯವನ್ನು ಸರಿದಾರಿಗೆ ತರುವುದು.

ನನ್ನ ಪ್ರಕಾರ ಮನೆಯವರು ಬಡಿತದ ವೇಗಕ್ಕೆ ಹೆದರುವುದಕ್ಕಿಂತ ಹೆದರಬೇಕಾದ್ದು ಹೆಪ್ಪುಗಟ್ಟುವ ರಕ್ತಕ್ಕೆ. ಎಡ ಮೇಲ್ಕೋಣೆಗೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಕಿವಿಯಂಥ ಚೀಲವಿದೆ. ಕೋಣೆ ಹಿಂಡದೆ ಅದುರುತ್ತಿದ್ದಾಗ ಅದರೊಳಗೆ ರಕ್ತ ನಿಂತು ಹೆಪ್ಪಾಗುತ್ತದೆ. ಅದರ ಚೂರು ಕಿತ್ತು ಮೆದುಳಿಗೆ ಹೋದರೆ ಪಾರ್ಶ್ವವಾಯು. ಏಎಫ್ ಜೊತೆಗೆ ಲೋಹದ ಕವಾಟವೂ ಇದ್ದರೆ ಅಪಾಯ ಎರಡು ಕಡೆಯಿಂದ.

ಲೋಹದ ಕವಾಟ ಅಂದಾಗ ನಮ್ಮದೇ ಒಂದರ ಕಥೆ ಹೇಳದೆ ಮುಂದೆ ಹೋಗಲಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ತಂಡ ರೂಪಿಸಿದ ಚಿತ್ರಾ ಕವಾಟವನ್ನು ಮನುಷ್ಯರಿಗೆ ಮೊದಲು ಜೋಡಿಸಿದ್ದು 1990ರ ಡಿಸೆಂಬರ್ 6ರಂದು. ತಯಾರಿಸಿ ಮಾರುವ ಹೊಣೆ ಹೊತ್ತದ್ದು ಚೆನ್ನೈನ ಟಿಟಿಕೆ ಕಂಪನಿ. ವಲಿಯತ್ತಾನ್ ಮುಂದೆ ಮಣಿಪಾಲದಲ್ಲಿ ಕುಲಪತಿಯಾಗಿ ಬಂದು ಅಲ್ಲೇ ನೆಲೆಸಿದರು, 2024ರಲ್ಲಿ ತೀರಿಕೊಂಡದ್ದೂ ಅಲ್ಲೇ. ಲೋಹದ ಉಂಗುರದೊಳಗೆ ಓರೆಯಾಗಿ ಏಳುವ, ಬೀಳುವ ಒಂದು ಬಿಲ್ಲೆ, ಅಷ್ಟೇ ಆ ಕವಾಟದ ರಚನೆ. ಇಂಥ ಕವಾಟ ಇರುವವರಿಗೆ ರಾತ್ರಿ ಮನೆ ನಿಶ್ಶಬ್ದವಾದಾಗ ತಮ್ಮೆದೆಯ ಟಿಕ್ ಟಿಕ್ ಕೇಳಿಸುತ್ತದೆ; ಪಕ್ಕದಲ್ಲಿ ಮಲಗಿದವರಿಗೂ ಕೆಲವೊಮ್ಮೆ. ಮೊದಮೊದಲು ಕಿರಿಕಿರಿ, ಆಮೇಲೆ ಅಭ್ಯಾಸ. ಅದು ಉಪಯೋಗಕ್ಕೂ ಬರುತ್ತದೆ. ಸಮವಾಗಿದ್ದ ಟಿಕ್ ಟಿಕ್ ಅಡ್ಡಾದಿಡ್ಡಿಯಾದರೆ ಏಎಫ್ ಬಂದಿರಬಹುದು. ಸದ್ದು ಮಂಕಾದರೆ ಅಥವಾ ಕೇಳಿಸದೆ ಹೋದರೆ, ಅದರ ಜೊತೆ ಉಬ್ಬಸವೂ ಬಂದರೆ, ಕವಾಟದ ಮೇಲೆ ಹೆಪ್ಪು ಕೂತಿರಬಹುದು. ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಹೆಪ್ಪು ತಡೆಯಲು ನಮ್ಮಲ್ಲಿ ಹೆಚ್ಚು ಬರೆಯುವ ಮಾತ್ರೆ ಅಸಿಟ್ರೋಮ್, ಇಲ್ಲವೇ ವಾರ್ಫರಿನ್. ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಯಲು ಐಎನ್‌ಆರ್ ಪರೀಕ್ಷೆ. ಲೋಹದ ಅಯೋರ್ಟಿಕ್ ಕವಾಟಕ್ಕೆ ಸಾಮಾನ್ಯವಾಗಿ 2ರಿಂದ 3ರ ನಡುವೆ, ಮೈಟ್ರಲ್ ಕವಾಟಕ್ಕೆ 2.5ರಿಂದ 3.5ರ ನಡುವೆ ಇರಬೇಕೆನ್ನುತ್ತಾರೆ. ನಿಮ್ಮ ಗುರಿ ಎಷ್ಟೆಂಬುದನ್ನು ನಿಮ್ಮ ಡಾಕ್ಟರೇ ಬರೆದುಕೊಡುತ್ತಾರೆ. ಪರೀಕ್ಷೆಯ ಗೋಜಿಲ್ಲದ ಹೊಸ ಮಾತ್ರೆಗಳು ಬಂದಿವೆಯಲ್ಲ, ಅವನ್ನೇ ಕೊಡಿ ಎಂದು ಕೇಳುವವರಿದ್ದಾರೆ. ಲೋಹದ ಕವಾಟಕ್ಕೆ ಅವು ಸಲ್ಲುವುದಿಲ್ಲ. ಡಾಬಿಗಾಟ್ರಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಹೆಚ್ಚಾಗಿ, ರಕ್ತಸ್ರಾವವೂ ಹೆಚ್ಚಾಗಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ.

ಸೊಪ್ಪಿನ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಅತಿರೇಕ ಜಾಸ್ತಿ. ‘ಸೊಪ್ಪು ಕಡಿಮೆ ತಿನ್ನಿ’ ಎಂಬುದು ಮನೆಗೆ ಬರುವಷ್ಟರಲ್ಲಿ ‘ಸೊಪ್ಪೇ ಮುಟ್ಟಬೇಡಿ’ ಎಂದಾಗಿರುತ್ತದೆ. ಆರು ತಿಂಗಳು ಬಸ್ಸಾರಿನ ವಾಸನೆಗೂ ದೂರ ಇದ್ದು, ಒಂದು ಹಬ್ಬದ ವಾರದಲ್ಲಿ ನುಗ್ಗೆಸೊಪ್ಪಿನ ಪಲ್ಯ ದಿನಾ ತಿಂದರೆ ಐಎನ್‌ಆರ್ ಇಳಿದುಬಿಡುತ್ತದೆ. ವಾರಕ್ಕೆ ಎಷ್ಟು ಸಲ ತಿನ್ನುತ್ತಿದ್ದೀರೋ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತಿರಿ. ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ಇದಕ್ಕಿಂತ ಮುಖ್ಯವಾದದ್ದು, ಮತ್ತು ಕಡಿಮೆ ಜನ ಹೇಳುವುದು: ಏಎಫ್‌ಗೆ ಕೊಟ್ಟ ಅಮಿಯೋಡರೋನ್ ಅಸಿಟ್ರೋಮಿನ ಬಲವನ್ನು ಏರಿಸುತ್ತದೆ. ಆ ಮಾತ್ರೆ ಶುರುವಾದಾಗಲೂ ನಿಂತಾಗಲೂ ಐಎನ್‌ಆರ್ ಬೇಗ ಬೇಗ ನೋಡಿಸಬೇಕು. ನಿಲ್ಲಿಸಿದ ಮೇಲೂ ಅದು ವಾರಗಟ್ಟಲೆ ಮೈಯಲ್ಲಿ ಉಳಿದಿರುತ್ತದೆ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದಂತೂ ಬೇಡವೇ ಬೇಡ.

ಎದೆ ಸೀಳದೆ ಕವಾಟ ಹಾಕುವ ವಿಚಾರ ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2024ರ ಮಾರ್ಚ್‌ನಲ್ಲಿ, ಎಚ್. ಡಿ. ಕುಮಾರಸ್ವಾಮಿಯವರು ಮೂರನೆಯ ಬಾರಿಯ ಹೃದಯ ಚಿಕಿತ್ಸೆಗೆ ಚೆನ್ನೈನ ಅಪೋಲೋ ಆಸ್ಪತ್ರೆಗೆ ಹೋದಾಗ. ತೊಡೆಯ ರಕ್ತನಾಳದಿಂದ ಮಡಚಿದ ಕವಾಟವನ್ನು ತೂರಿಸಿ, ಹಳೆಯ ಕವಾಟದ ಒಳಗೇ ಅರಳಿಸುವ ಈ ‘ಟಾವಿ’ ವಿಧಾನವನ್ನು ಮನುಷ್ಯರಲ್ಲಿ ಮೊದಲು ಮಾಡಿದವರು ಫ್ರಾನ್ಸಿನ ರೂವಾನ್ ಊರಿನ ಅಲ್ಯಾಂ ಕ್ರಿಬಿಯೆ, 2002ರಲ್ಲಿ. ಎದೆಗೆ ಹೊಲಿಗೆ ಇಲ್ಲ, ಬೇಗ ಮನೆಗೆ ಹೋಗಬಹುದು. ಲಯದ ವಿಷಯದಲ್ಲಿ ಮಾತ್ರ ಇದು ತೆರೆದ ಆಪರೇಷನ್ನಿಗಿಂತ ಸುಲಭವಲ್ಲ. ಹೊಲಿಗೆಯಿಲ್ಲದ ಕವಾಟ ನಿಲ್ಲುವುದೇ ಸುತ್ತಲಿನ ಗೋಡೆಯನ್ನು ಒತ್ತಿಕೊಂಡು. ಆ ಗೋಡೆಯಲ್ಲೇ ಹಿಸ್ ಬಂಡಲ್ ಇದೆ. ಹಾಗಾಗಿ ಕಾಯಂ ಪೇಸ್‌ಮೇಕರ್ ಬೇಕಾಗುವವರ ಪ್ರಮಾಣ ಇಲ್ಲಿ ಹೆಚ್ಚು, ತಾನಾಗಿ ಅರಳುವ ಬಗೆಯ ಕವಾಟಗಳಲ್ಲಿ ಇನ್ನೂ ಹೆಚ್ಚು. ಮೊದಲೇ ಇಸಿಜಿಯಲ್ಲಿ ಬಲಗಡೆಯ ಬಂಡಲ್ ಬ್ಲಾಕ್, ಅಂದರೆ ಹಿಸ್ ಬಂಡಲ್ಲಿನ ಬಲ ಕವಲಿನಲ್ಲಿ ತಡೆ, ಇದ್ದವರಿಗೆ ವೈದ್ಯರು ಈ ಮಾತನ್ನು ಮುಂಚೆಯೇ ಹೇಳಿರುತ್ತಾರೆ. ಬ್ಲಾಕ್ ಕೆಲವೊಮ್ಮೆ ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಟಾವಿ ಆದ ವಾರದಲ್ಲಿ ತಲೆಸುತ್ತಿ ಬಿದ್ದರೆ ‘ಸುಸ್ತು, ಊಟ ಸೇರಿಲ್ಲ’ ಅಂತ ಸುಮ್ಮನಿರಬಾರದು.

ಪೇಸ್‌ಮೇಕರ್ ಹಾಕಲೇಬೇಕಾಗಿ ಬಂದರೆ ಅದು ಕುತ್ತಿಗೆಮೂಳೆಯ ಕೆಳಗೆ ಚರ್ಮದಡಿ ಕೂರುವ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿನ ಯಂತ್ರ. ಬ್ಯಾಟರಿ ಎಂಟು ಹತ್ತು ವರ್ಷ ಬರುತ್ತದೆ. ಟಿವಿ, ಮಿಕ್ಸಿ, ಫ್ರಿಜ್ ಏನೂ ಮಾಡುವುದಿಲ್ಲ. ಮೊಬೈಲನ್ನು ಆ ಬದಿಯ ಜೇಬಿನಲ್ಲಿ ಇಡದಿದ್ದರಾಯಿತು.

ಊರಿಗೆ ಬಂದ ಮೇಲೆ ನಾಡಿ ನೋಡುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿಯಬೇಕು. ರೋಗಿ ಐದು ನಿಮಿಷ ಕೂತಿರಲಿ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಇಳಿದರೆ ಮೂಳೆಯ ಒಳಬದಿಗೆ ಒಂದು ತಗ್ಗು ಸಿಗುತ್ತದೆ. ಅಲ್ಲಿ ಮೂರು ಬೆರಳು ಹಗುರವಾಗಿ ಇಡಿ. ನಿಮ್ಮ ಹೆಬ್ಬೆರಳು ಬಳಸಬೇಡಿ, ಅದರದೇ ಬಡಿತ ಸೇರಿಕೊಳ್ಳುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಏಎಫ್‌ನಲ್ಲಿ ಸುಳ್ಳಾಗುತ್ತದೆ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಸಂಖ್ಯೆಯ ಜೊತೆ ‘ಸಮ’ ಅಥವಾ ‘ಸಮ ಇಲ್ಲ’ ಎಂದೂ ಐಎನ್‌ಆರ್ ಪುಸ್ತಕದಲ್ಲೇ ಬರೆದಿಡಿ. ಸುಮ್ಮನೆ ಕೂತಿದ್ದಾಗಲೂ 120 ದಾಟಿದರೆ, 45ಕ್ಕಿಂತ ಇಳಿದರೆ ಫೋನು ಮಾಡಬೇಕು. ಕಣ್ಣು ಕತ್ತಲೆ ಬಂದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಫೋನಿಗೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

ಜ್ವರದ ವಿಷಯ ಬೇರೆಯೇ. ಹೊಸ ಕವಾಟ ಇರುವವರಿಗೆ ಎರಡು ಮೂರು ದಿನ ಬಿಡದ ಜ್ವರ ಬಂದರೆ ಅದು ಕವಾಟಕ್ಕೆ ಹತ್ತಿದ ಸೋಂಕಾಗಿರಬಹುದು. ಆ ಸೋಂಕು ಕವಾಟದ ಬುಡದಲ್ಲಿ ಕೀವು ಕಟ್ಟಿದರೆ ಪಕ್ಕದಲ್ಲೇ ಇರುವ ಕರೆಂಟಿನ ದಾರಿಯನ್ನು ತಿನ್ನುತ್ತದೆ. ಇಸಿಜಿಯಲ್ಲಿ ಪಿಆರ್ ಅಂತರ, ಅಂದರೆ ಸಂಕೇತ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಇಳಿಯಲು ಹಿಡಿಯುವ ಹೊತ್ತು, ಉದ್ದವಾಗುತ್ತಾ ಹೋಗುವುದು ಅದರ ಮೊದಲ ಸುಳಿವು. ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ದಿನ ಆಂಟಿಬಯೋಟಿಕ್ ತೆಗೆದುಕೊಂಡು ಜ್ವರ ಬಿಟ್ಟಿತು ಎಂದುಕೊಂಡರೆ ರಕ್ತಪರೀಕ್ಷೆಯಲ್ಲಿ ಕ್ರಿಮಿ ಸಿಗದೆ ಹೋಗುತ್ತದೆ, ಕಾಯಿಲೆ ಒಳಗೇ ಉಳಿಯುತ್ತದೆ. ಮಾತ್ರೆಗೆ ಮೊದಲು ರಕ್ತದ ಕಲ್ಚರ್ ಆಗಬೇಕು. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು, ಕವಾಟ ಬದಲಾಯಿತಲ್ಲ ಎಂದು 21 ದಿನಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದನ್ನು ತಾವಾಗಿ ನಿಲ್ಲಿಸಬಾರದು. ಉಳಿದ ಕವಾಟಗಳು ಹಳೆಯವೇ.

ಚೆನ್ನೈಯಿಂದ ಹೊರಡುವ ದಿನ ಡಿಸ್ಚಾರ್ಜ್ ಕಾಗದದಲ್ಲಿ ಕವಾಟದ ಹೆಸರು, ಅಳತೆ, ಐಎನ್‌ಆರ್ ಗುರಿ, ಅಮಿಯೋಡರೋನ್ ಯಾವತ್ತಿನವರೆಗೆ ಎಂಬುದು ಇದೆಯೇ ನೋಡಿಕೊಳ್ಳಿ. ಅದರ ಜೊತೆ ಹೊರಡುವ ದಿನದ ಇಸಿಜಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ಮುಂದೊಂದು ದಿನ ಬಂಗಾರಪೇಟೆಯ ಡಾಕ್ಟರು ಹೊಸ ಇಸಿಜಿ ತೆಗೆದು ‘ಪಿಆರ್ ಸ್ವಲ್ಪ ಉದ್ದ ಇದೆ’ ಅಂದಾಗ, ಅದು ಮೊದಲಿನಿಂದ ಇದ್ದದ್ದೋ ಹೊಸದಾಗಿ ಬಂದದ್ದೋ ಎಂದು ತೀರ್ಮಾನಿಸಲು ಅವರಿಗೆ ಬೇಕಾಗುವುದು ಆ ಒಂದು ಹಾಳೆ.